ಗುಳ್ಳೆ ಬ್ಯಾಟಿನ ನ್ಯಾಯ

ಈ ಅಂಕಣದಲ್ಲಿ ಇದುವರೆಗೆ ಉಪ್ಪಿನಕಾಯಿಯಿಂದ ಹಿಡಿದು ಆದಾಯ ತೆರಿಗೆಯವರೆಗೆ ಹಲವು ವಿಷಯಗಳು ಬಂದುಹೋದುವು. ಆಟದ ವಿಷಯ ಮಾತ್ರ ಬಂದಿರಲಿಲ್ಲ. ಬಾರದಿರುವುದಕ್ಕೆ ಕಾರಣವೂ ಇದೆ. ಕ್ರಿಕೆಟ್ಟಿನ ಬಗ್ಗೆ ನಮಗಿಂತ ಬಲ್ಲವರು ಮನೆಗೆ ಇಬ್ಬರಂತೆ ಇದ್ದಾರೆ. ಉಳಿದ ಆಟಗಳ ಬಗ್ಗೆ ಬರೆದರೆ ಓದುವವರಿಲ್ಲ. ಆದರೂ ಈ ಸಲ ಟೇಬಲ್ ಟೆನ್ನಿಸ್ಸಿನ ವಿಚಾರವಾಗಿ ನಾಲ್ಕು ಮಾತು ಬರೆಯಲೇಬೇಕಾಗಿ ಬಂದಿದೆ. ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಈ ಆಟಕ್ಕೆ ಸಂಬಂಧಪಟ್ಟ ಅರ್ಜಿಯೊಂದು ಬಂದು ಕುಳಿತಿದೆ. ಅರ್ಜಿಯಲ್ಲಿ ಏನಿದೆಯೆಂಬುದನ್ನು ಆಮೇಲೆ ಹೇಳುತ್ತೇವೆ. ಆಟದ ಸ್ವರೂಪವನ್ನು ತಿಳಿಯದೆ ಅರ್ಜಿಯ ಸ್ವರೂಪ ತಿಳಿಯುವಂತಿಲ್ಲ.

ವಿಶಾಖಪಟ್ಟಣದಂಥ ಕಡಲೂರಿಗೆ ಈ ಆಟ ಹೇಳಿ ಮಾಡಿಸಿದ್ದಲ್ಲ. ಚೆಂಡಿನ ತೂಕ 2.7 ಗ್ರಾಂ. ನಮ್ಮ ಕಡಲ ಗಾಳಿಗೆ ಅದು ಯಾವ ಲೆಕ್ಕ? ಆದುದರಿಂದ ಕಿಟಕಿ ಬಾಗಿಲುಗಳನ್ನು ಮುಚ್ಚಿ, ಪಂಖವನ್ನು ನಿಲ್ಲಿಸಿ, ಬೆವರಿನಲ್ಲಿ ಮೀಯುತ್ತ ಆಡಬೇಕು. ವಿಜಯವಾಡದ ಮಾತಂತೂ ಬೇಡ. ಅಲ್ಲಿ ಮೇ ತಿಂಗಳಲ್ಲಿ ಪಂಖ ನಿಲ್ಲಿಸಿ ಆಡುವವರನ್ನು ಕಂಡರೆ ಕನಕದುರ್ಗೆಗೆ ಹರಕೆ ಹೊತ್ತವರೇ ಇರಬೇಕೆಂದು ತೋರುತ್ತದೆ. ಇಷ್ಟಾದರೂ ಎರಡೂ ಊರುಗಳಲ್ಲಿ ಆಟ ನಡೆದೇ ಇದೆ. ಕಾರಣ ಸರಳ. ಮೈದಾನ ಬೇಡ, ಹನ್ನೊಂದು ಜನ ಬೇಡ. ಒಂದು ಮೇಜು, ಒಂದು ಕೊಠಡಿ, ಇಬ್ಬರು ಮನುಷ್ಯರು ಇದ್ದರೆ ಸಾಕು.

ಆ ಇಬ್ಬರು ಮನುಷ್ಯರ ವಿಷಯದಲ್ಲೇ ಈ ಆಟದ ವೈಚಿತ್ರ್ಯವಿರುವುದು. ನಮ್ಮ ಕಚೇರಿಯ ಮನರಂಜನಾ ಕೊಠಡಿಯಲ್ಲಿ ಊಟದ ಬಿಡುವಿನಲ್ಲಿ ಅರ್ಧ ಗಂಟೆ ಆಟವಾಗುತ್ತದೆ. ಮೇಜಿನ ಉದ್ದ 2.74 ಮೀಟರು, ಅಗಲ 1.525 ಮೀಟರು, ನಡುವೆ ಒಂದು ಗೇಣೂ ಇಲ್ಲದ ಬಲೆ. ಇಷ್ಟು ಚಿಕ್ಕ ಜಾಗದಲ್ಲಿ ಇಬ್ಬರು ಒಂದೇ ರೀತಿ ಆಡಿದ್ದನ್ನು ನಾವು ಕಂಡಿಲ್ಲ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಹೊಡೆಯುವುದೇ ಇಲ್ಲ. ಬಂದ ಚೆಂಡನ್ನೆಲ್ಲ, ಎದುರಾಳಿಗೆ ಬೇಸರ ಹುಟ್ಟಿ ತಾನಾಗಿ ತಪ್ಪುವವರೆಗೂ, ಮೆಲ್ಲಗೆ ಹಿಂದಕ್ಕೆ ತಳ್ಳುತ್ತ ಇರುತ್ತಾರೆ. ಅವರು ಕಡತದ ಮೇಲೆ ಬರೆಯುವ ಟಿಪ್ಪಣಿಗಳ ಶೈಲಿಯೂ ಅದೇ. ಹೊಸದಾಗಿ ಸೇರಿದ ತರುಣನೊಬ್ಬ ಮೂರನೆಯ ಚೆಂಡಿಗೇ ಸ್ಮ್ಯಾಶ್ ಮಾಡಿ, ಹತ್ತರಲ್ಲಿ ಆರನ್ನು ಗೋಡೆಗೆ ಬಡಿದು, ಉಳಿದ ನಾಲ್ಕರ ಹೆಮ್ಮೆಯಲ್ಲಿ ಸಂಜೆಯವರೆಗೆ ಇರುತ್ತಾನೆ. ಇನ್ನೊಬ್ಬರು ಬ್ಯಾಟನ್ನು ಲೇಖನಿಯಂತೆ ಹಿಡಿಯುತ್ತಾರೆ. ಯಾರೂ ಕಲಿಸಿದ್ದಲ್ಲ, ಇಪ್ಪತ್ತು ವರ್ಷ ಗುಮಾಸ್ತೆ ಕೆಲಸ ಮಾಡಿದ ಬೆರಳುಗಳು ತಾವಾಗಿಯೇ ಹಾಗೆ ಕೂತಿವೆ.

ನಗೆಗೆ ಹೇಳಿದೆವು, ಆದರೆ ಲೇಖನಿಯ ಹಿಡಿತವೆಂಬುದು ನಿಜವಾಗಿಯೂ ಒಂದು ಸಂಪ್ರದಾಯ. ಚೀನ, ಜಪಾನ್, ಕೊರಿಯಗಳಲ್ಲಿ ಬಹುಕಾಲ ದೊಡ್ಡ ಆಟಗಾರರು ಅನೇಕರು ಹೀಗೆಯೇ ಹಿಡಿದರು. ಯುರೋಪಿನವರು, ಅವರನ್ನು ನೋಡಿ ನಾವು, ಕೈಕುಲುಕುವ ಹಾಗೆ ಹಿಡಿದೆವು. ಲೇಖನಿ ಹಿಡಿತದಲ್ಲಿ ಮಣಿಕಟ್ಟು ಸಲೀಸಾಗಿ ಆಡುತ್ತದೆ, ಸರ್ವ್ ಮಾಡುವಾಗ ಚೆಂಡಿಗೆ ಬಗೆಬಗೆಯ ಸ್ಪಿನ್ನು ಹಾಕಬಹುದು. ಆದರೆ ಎಡಪಕ್ಕಕ್ಕೆ ಬಂದ ಚೆಂಡಿಗೆ ಕೈ ತಿರುಚಬೇಕು, ಇಲ್ಲವೆ ಕಾಲಿಗೆ ಬುದ್ಧಿ ಹೇಳಬೇಕು. 2004ರಲ್ಲಿ ಆಥೆನ್ಸಿನ ಒಲಿಂಪಿಕ್ಸಿನಲ್ಲಿ ಪುರುಷರ ಚಿನ್ನಕ್ಕಾಗಿ ನಿಂತವರಿಬ್ಬರೂ ಲೇಖನಿ ಹಿಡಿತದವರೇ. ಕೊರಿಯದ ರ‍್ಯು ಸುಂಗ್ ಮಿನ್ ಬ್ಯಾಟಿನ ಒಂದೇ ಮುಖದಿಂದ ಹೊಡೆಯುತ್ತ ಮೇಜಿನ ಈ ತುದಿಯಿಂದ ಆ ತುದಿಗೆ ಓಡಿ ಗೆದ್ದರು. ಸೋತ ಚೀನದ ವಾಂಗ್ ಹಾವ್ ಬ್ಯಾಟಿನ ಹಿಂಬದಿಗೂ ರಬ್ಬರು ಹಾಕಿ, ಎಡಪಕ್ಕದ ಚೆಂಡನ್ನು ಆ ಹಿಂಬದಿಯಿಂದ ಹೊಡೆಯುವವರು. ಹಿಡಿತ ಒಂದೇ, ಆಟ ಎರಡು.

ಇಷ್ಟು ಬಗೆಯ ಆಟಗಳು ಹುಟ್ಟಿದ್ದು ಹೇಗೆಂದು ವಿಚಾರಿಸಿದರೆ, ಕತೆಯ ಮುಖ್ಯ ಅಧ್ಯಾಯವೊಂದು ನಮ್ಮ ದೇಶದಲ್ಲೇ ನಡೆಯಿತೆಂಬುದು ಸ್ವಾರಸ್ಯದ ಸಂಗತಿ. ಮೊದಲ ಕಾಲದಲ್ಲಿ ಬ್ಯಾಟುಗಳೆಲ್ಲ ಒಂದೇ ತೆರನಾಗಿದ್ದುವು. ಮರದ ಮೇಲೆ ಗಿಡ್ಡ ಗುಳ್ಳೆಗಳ ರಬ್ಬರು, ಅಷ್ಟೆ. ಅದರಲ್ಲಿ ವೇಗವೂ ಕಡಿಮೆ, ಸ್ಪಿನ್ನೂ ಕಡಿಮೆ. ತಾಳ್ಮೆಯಿದ್ದವನದೇ ಗೆಲುವು. 1936ರಲ್ಲಿ ಪ್ರಾಗ್ ನಗರದ ವಿಶ್ವ ಪಂದ್ಯಗಳಲ್ಲಿ ಎರ್ಲಿಖ್ ಮತ್ತು ಪಾನೆತ್ ಎಂಬಿಬ್ಬರು ಒಂದೇ ಒಂದು ಪಾಯಿಂಟಿಗಾಗಿ ಎರಡು ಗಂಟೆಗೂ ಮೇಲೆ ಚೆಂಡನ್ನು ಅತ್ತಿತ್ತ ತಳ್ಳಿದರು. ನಮ್ಮ ಲೆಕ್ಕಪತ್ರ ವಿಭಾಗದ ಹಿರಿಯರು ಆ ಕಾಲದಲ್ಲಿ ಹುಟ್ಟಬೇಕಾಗಿತ್ತು. ಮುಂದೆ ಬಲೆಯ ಎತ್ತರವನ್ನು ತಗ್ಗಿಸಿ, ಆಟಕ್ಕೆ ಕಾಲಮಿತಿ ಹಾಕಿ ಈ ಪೀಡೆಯನ್ನು ಪರಿಹರಿಸಬೇಕಾಯಿತು.

1952ರ ಫೆಬ್ರವರಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ಮುಂಬಯಿಯಲ್ಲಿ ನಡೆಯಿತು. ಏಷ್ಯದಲ್ಲಿ ಅದೇ ಮೊದಲನೆಯದು. ಜಪಾನಿನಿಂದ ಹಿರೋಜಿ ಸಾತೋ ಎಂಬ ಕನ್ನಡಕದ ಆಟಗಾರ ಬಂದಿದ್ದರು. ಅವರ ಬ್ಯಾಟಿಗೆ ರಬ್ಬರಿನ ಬದಲು ದಪ್ಪನೆಯ ಸ್ಪಂಜು. ಆ ಕಾಲದ ಆಟಗಾರರು ಕಣ್ಣಿನಷ್ಟೇ ಕಿವಿಯನ್ನೂ ನಂಬಿ ಆಡುತ್ತಿದ್ದರು. ಎದುರಾಳಿಯ ಬ್ಯಾಟಿನ ಟಕ್ಕೆಂಬ ಸದ್ದಿನಿಂದಲೇ ಚೆಂಡಿನ ವೇಗವನ್ನು ಅಳೆಯುತ್ತಿದ್ದರು. ಸಾತೋ ಅವರ ಸ್ಪಂಜು ಸದ್ದನ್ನೇ ನುಂಗಿತು. ಹೊಡೆದದ್ದು ಕೇಳಿಸದು, ಚೆಂಡು ಮಾತ್ರ ಬಂದುಬಿಟ್ಟಿದೆ! ಯುರೋಪಿನ ಅತಿರಥರು ಒಬ್ಬೊಬ್ಬರಾಗಿ ತಬ್ಬಿಬ್ಬಾದರು. ಹಂಗೆರಿಯ ಕೊಜಿಯಾನರನ್ನು ಸೋಲಿಸಿ ಸಾತೋ ಚಾಂಪಿಯನ್ ಆದರು.

ಆಗಲೂ ಕೂಗೆದ್ದಿತು: ಇದು ಆಟವಲ್ಲ, ಮೋಸ, ಗೆದ್ದದ್ದು ಮನುಷ್ಯನಲ್ಲ, ಸ್ಪಂಜು, ಇದನ್ನು ನಿಷೇಧಿಸಿ. ವಾದ ಏಳು ವರ್ಷ ನಡೆಯಿತು. ಕೊನೆಗೆ 1959ರಲ್ಲಿ ಅಂತರರಾಷ್ಟ್ರೀಯ ಫೆಡರೇಶನ್ನಿನವರು ಬುದ್ಧಿವಂತಿಕೆಯ ತೀರ್ಮಾನ ಮಾಡಿದರು. ಬರಿಯ ಸ್ಪಂಜು ಬೇಡ. ಸ್ಪಂಜಿನ ಮೇಲೆ ರಬ್ಬರು ಇರಲಿ. ಎರಡೂ ಸೇರಿ 4 ಮಿಲಿಮೀಟರು ಮೀರದಿರಲಿ. ಆ ರಬ್ಬರಿನ ಗುಳ್ಳೆ ಹೊರಮುಖವಾಗಿರಲಿ, ಒಳಮುಖವಾಗಿರಲಿ, ಅದು ಆಟಗಾರನ ಇಷ್ಟ. ಇಂದು ನಾವು ಕಾಣುವ ವೇಗ, ಸ್ಪಿನ್ನು, ಇಷ್ಟು ಬಗೆಯ ಆಟಗಳು ಎಲ್ಲವೂ ಆ ತೀರ್ಮಾನದ ಮಕ್ಕಳು, ಮೊಮ್ಮಕ್ಕಳು. ಮೋಸವೆಂದು ಹೊರಗಟ್ಟಿದ್ದರೆ ಏನಾಗುತ್ತಿತ್ತೋ ತಿಳಿಯದು; ಬಹುಶಃ ಇನ್ನೂ ಎರಡು ಗಂಟೆ ಚೆಂಡು ತಳ್ಳುತ್ತಲೇ ಇರುತ್ತಿದ್ದರು.

ಇನ್ನು ಗುಳ್ಳೆಯ ವಿಚಾರ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬ್ಯಾಟಿನ ರಬ್ಬರು ಹೊರಗೆ ನುಣುಪಾಗಿರುತ್ತದೆ. ಗುಳ್ಳೆಗಳು ಒಳಮುಖವಾಗಿ ಸ್ಪಂಜಿಗೆ ಅಂಟಿಕೊಂಡಿರುತ್ತವೆ. ಆ ನುಣುಪು ಮೈ ಚೆಂಡನ್ನು ಗಟ್ಟಿಯಾಗಿ ಹಿಡಿದು, ಬಂದ ಸ್ಪಿನ್ನನ್ನು ಅಳಿಸಿ, ತನ್ನ ಸ್ಪಿನ್ನನ್ನು ಹಾಕಿ ಕಳಿಸುತ್ತದೆ. ಗುಳ್ಳೆ ಬ್ಯಾಟಿನಲ್ಲಿ ಗುಳ್ಳೆಗಳು ಹೊರಗೆ. ಹಲಸಿನ ಹಣ್ಣಿನ ಮೈಯನ್ನು ನೆನಪಿಗೆ ತಂದುಕೊಂಡರೆ ಸಾಕು. ಗುಳ್ಳೆ ಗಿಡ್ಡವಾದರೆ ಚೆಂಡು ಚಪ್ಪಟೆಯಾಗಿ, ಚುರುಕಾಗಿ ಹೋಗುತ್ತದೆ. ಉದ್ದವಾದರೆ ಅದರ ಗುಣವೇ ಬೇರೆ. ಚೆಂಡು ತಗುಲಿದ ಕೂಡಲೆ ಉದ್ದ ಗುಳ್ಳೆಗಳು ಗಾಳಿಗೆ ಪೈರು ಬಾಗಿದಂತೆ ಬಾಗುತ್ತವೆ. ಚೆಂಡಿಗೆ ಹಿಡಿತ ಸಿಗದೆ, ಬಂದ ಸ್ಪಿನ್ನು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಚೆಂಡು ಗಿರಗಿರನೆ ತಿರುಗುವುದು ಮೊದಲಿನ ದಿಕ್ಕಿಗೇ, ಸಾಗುವುದು ಮಾತ್ರ ಹಿಮ್ಮುಖವಾಗಿ. ಆದುದರಿಂದ ಟಾಪ್‌ಸ್ಪಿನ್ ಹಾಕಿ ಅಬ್ಬರದಿಂದ ಹೊಡೆದವನಿಗೆ ಅದೇ ಬ್ಯಾಕ್‌ಸ್ಪಿನ್ ಆಗಿ ವಾಪಸು ಬಂದು, ಅವನ ಮುಂದಿನ ಹೊಡೆತವನ್ನು ಬಲೆಗೆ ಎಳೆಯುತ್ತದೆ. ಅವನು ಜಾಗ್ರತೆಯಿಂದ ಬ್ಯಾಕ್‌ಸ್ಪಿನ್ ಹಾಕಿ ತಳ್ಳಿದರೆ ಚೆಂಡು ತೇಲಿಕೊಂಡು ಬರುತ್ತದೆ. ಅವನು ಅಭ್ಯಾಸಬಲದಿಂದ ಬ್ಯಾಟನ್ನು ಮೇಲಕ್ಕೆ ತೆರೆದರೆ ಅದು ಆಕಾಶಕ್ಕೆ ಹಾರುತ್ತದೆ. ಕಚೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರಿಗೆ ಕಳಿಸಿದ ಟಿಪ್ಪಣಿ ಒಂದಕ್ಷರವೂ ಬದಲಾಗದೆ ನಮ್ಮ ಮೇಜಿಗೇ ಮರಳಿದಾಗ ಏನಾಗುತ್ತದೆಯೋ ಅದೇ ಇಲ್ಲಿ ಆಗುವುದು.

ಬ್ಯಾಟಿನ ಒಂದು ಮುಖಕ್ಕೆ ನುಣುಪು, ಇನ್ನೊಂದಕ್ಕೆ ಗುಳ್ಳೆ ಅಥವಾ ಸ್ಪಿನ್ನು ಹಿಡಿಯದ ರಬ್ಬರು ಹಾಕಿ, ಆಟದ ನಡುವೆ ಕೈಯಲ್ಲೇ ಬ್ಯಾಟನ್ನು ತಿರುಗಿಸುವ ವಿದ್ಯೆ 1980ರ ಆಸುಪಾಸಿನಲ್ಲಿ ಬಹಳ ಬೆಳೆಯಿತು. ಆಗ ಎರಡು ಮುಖವೂ ಒಂದೇ ಬಣ್ಣ. ಯಾವ ಮುಖದಿಂದ ಹೊಡೆದರೆಂದು ಎದುರಾಳಿಗೆ ತಿಳಿಯದು. ಸದ್ದಿನಿಂದ ತಿಳಿದೀತೆಂದು, ಸರ್ವ್ ಮಾಡುವಾಗ ಕಾಲನ್ನು ನೆಲಕ್ಕೆ ಅಪ್ಪಳಿಸಿ ಸದ್ದನ್ನು ಮುಚ್ಚುವವರೂ ಇದ್ದರು. ಇದು ನ್ಯಾಯವಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಫೆಡರೇಶನ್ನಿನವರು ಆ ದಶಕದಲ್ಲಿಯೇ ಎರಡು ಮುಖಕ್ಕೂ ಬೇರೆ ಬೇರೆ ಬಣ್ಣ ಕಡ್ಡಾಯ ಮಾಡಿದರು, ಒಂದು ಕೆಂಪು, ಒಂದು ಕಪ್ಪು. 2021ರ ಅಕ್ಟೋಬರಿನಿಂದ ಕೆಂಪಿನ ಜಾಗದಲ್ಲಿ ಗುಲಾಬಿ, ನೇರಳೆ, ಹಸುರು, ನೀಲಿ ಬಣ್ಣಗಳಿಗೂ ಅನುಮತಿಯುಂಟು. ಇನ್ನೊಂದು ಮುಖ ಕಪ್ಪೇ ಇರಬೇಕು. ವಾಚಕರು ಇಲ್ಲಿ ಒಂದನ್ನು ಗಮನಿಸಬೇಕು. ಅವರು ನಿಷೇಧಿಸಿದ್ದು ಮರೆಮಾಚುವುದನ್ನು, ಗುಳ್ಳೆಯನ್ನಲ್ಲ.

ಕಳೆದ ವರ್ಷ ಕಚೇರಿಯ ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಬೇಕಾಯಿತು. ಮಧ್ಯಾಹ್ನದ ರತ್ನಾಚಲ ಎಕ್ಸ್‌ಪ್ರೆಸ್ಸಿನಲ್ಲಿ ಹೊರಟು, ಅನ್ನವರದ ಸತ್ಯನಾರಾಯಣನಿಗೆ ಕೂತಲ್ಲಿಂದಲೇ ಕೈಮುಗಿದು, ಗೋದಾವರಿಯನ್ನು ದಾಟಿ, ಕತ್ತಲಾಗುವ ಹೊತ್ತಿಗೆ ಸೇರಿದೆವು. ಮರುದಿನ ಸಂಜೆ ಕೆಲಸ ಬೇಗ ಮುಗಿಯಿತು. ಪರಿಚಯದವರೊಬ್ಬರು ಮಕ್ಕಳು ತರಬೇತಿ ಪಡೆಯುವ ಹಜಾರವೊಂದಕ್ಕೆ ಕರೆದೊಯ್ದರು. ಎಂಟು ಮೇಜುಗಳು; ಹದಿನಾರು ಮಕ್ಕಳು. ಆಟವೇನೋ ಬಹಳ ಚೆನ್ನಾಗಿತ್ತು. ಆದರೆ ಸ್ವಲ್ಪ ಹೊತ್ತು ನೋಡುವುದರೊಳಗೆ ನಮಗೊಂದು ಭ್ರಮೆ ಹತ್ತಿತು, ಹದಿನಾರು ಮಕ್ಕಳಿಲ್ಲ, ಒಂದೇ ಮಗುವನ್ನು ಹದಿನಾರು ಕನ್ನಡಿಗಳಲ್ಲಿ ನೋಡುತ್ತಿದ್ದೇವೆಂದು. ಎಲ್ಲರಿಗೂ ಕೈಕುಲುಕುವ ಹಿಡಿತ. ಎರಡೂ ಮುಖ ನುಣುಪು. ಮೇಜಿಗೆ ಅಂಟಿ ನಿಂತು, ಎಡಗಡೆಯಿಂದಲೂ ಬಲಗಡೆಯಿಂದಲೂ ಒಂದೇ ಸಮನೆ ಟಾಪ್‌ಸ್ಪಿನ್.

ಮೂಲೆಯ ಮೇಜಿನಲ್ಲಿ ಮಾತ್ರ ಬೇರೆಯ ದೃಶ್ಯ. ರೈಲ್ವೆಯಿಂದ ನಿವೃತ್ತರಾದ ವೃದ್ಧರೊಬ್ಬರು, ಮಕ್ಕಳ ಬಾಯಲ್ಲಿ ತಾತಗಾರು, ಮೇಜಿನಿಂದ ಎಂಟು ಹತ್ತು ಅಡಿ ಹಿಂದೆ ನಿಂತು, ಮೊಣಕಾಲ ಮಟ್ಟದಲ್ಲಿ ಚೆಂಡನ್ನು ಸೌದೆ ಸೀಳಿದಂತೆ ಮೇಲಿನಿಂದ ಕೆಳಗೆ ಕೊಯ್ದು ಕಳಿಸುತ್ತಿದ್ದರು. ಇದಕ್ಕೆ ಚಾಪ್ ಎಂದು ಹೆಸರು. ಎದುರಿಗೆ ಆಡುತ್ತಿದ್ದ ಹುಡುಗ ಅಲ್ಲಿಯ ಒಳ್ಳೆಯ ಆಟಗಾರರಲ್ಲಿ ಒಬ್ಬನಂತೆ. ಅವನು ಹೊಡೆದದ್ದು ಬಲೆಗೆ, ಬಲೆಗೆ, ಬಲೆಗೆ; ಸಿಟ್ಟು ಬಂದು ಎತ್ತಿ ಹೊಡೆದರೆ ಗೋಡೆಗೆ. ತಾತಗಾರು ಬೆವರು ಒರೆಸಿಕೊಂಡು ನಕ್ಕು, ‘ತೊಂದರಪಡಕು ನಾಯನಾ’, ಅವಸರ ಬೇಡ ಮಗು, ಎಂದರು. ಅಷ್ಟರಲ್ಲಿ ತರಬೇತುದಾರರು ಬಂದು ಹುಡುಗನನ್ನು ಬೇರೆ ಮೇಜಿಗೆ ಕಳಿಸಿದರು. ಅವರೊಡನೆ ಆಡಿದರೆ ಮಕ್ಕಳ ಆಟದ ಲಯ ಕೆಡುತ್ತದೆಯೆಂದು ನಮಗೆ ವಿವರಿಸಿದರು. ಆ ತರುಣ ತರಬೇತುದಾರರನ್ನು ನಾವು ದೂರುವುದಿಲ್ಲ. ಅವರಿಗೆ ಮುಂದಿನ ತಿಂಗಳ ಪಂದ್ಯದಲ್ಲಿ ಫಲ ತೋರಿಸಬೇಕು. ಹೆತ್ತವರು ಸಂಬಳ ಕೊಡುವುದು ಅದಕ್ಕೆ. ಒಂದೇ ಅಚ್ಚಿನಲ್ಲಿ ಹದಿನಾರನ್ನು ಎರಕಹೊಯ್ಯುವುದು ಸುಲಭ. ಹದಿನಾರು ಅಚ್ಚುಗಳಿಗೆ ಪುರುಸೊತ್ತು ಎಲ್ಲಿದೆ?

ಈ ಏಕರೂಪತೆಗೆ ಕಾರಣ ತರಬೇತುದಾರರಷ್ಟೇ ಅಲ್ಲವೆನ್ನಿ. 2000ದಲ್ಲಿ ಚೆಂಡಿನ ವ್ಯಾಸ 38 ಮಿಲಿಮೀಟರಿನಿಂದ 40ಕ್ಕೆ ಏರಿತು. ದೂರದರ್ಶನದಲ್ಲಿ ಚೆನ್ನಾಗಿ ಕಾಣಲೆಂಬ ಉದ್ದೇಶವೂ ಅದರ ಹಿಂದಿತ್ತು. 2001ರಲ್ಲಿ 21 ಪಾಯಿಂಟುಗಳ ಆಟ 11ಕ್ಕೆ ಇಳಿಯಿತು. 2014ರಿಂದ ಸೆಲ್ಯುಲಾಯ್ಡು ಹೋಗಿ ಪ್ಲಾಸ್ಟಿಕ್ ಚೆಂಡು ಬಂತು. ಚೆಂಡಿನ ಒಂದೊಂದು ಬದಲಾವಣೆಗೂ ಸ್ಪಿನ್ನು ಅಷ್ಟಷ್ಟು ಇಳಿಯಿತು. ಕೈಚಳಕಕ್ಕಿಂತ ತೋಳಿನ, ತೊಡೆಯ ಶಕ್ತಿಗೆ ಬೆಲೆ ಏರಿತು. 2003ರಲ್ಲಿ ಪ್ಯಾರಿಸ್ಸಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕೊರಿಯದ ಜೂ ಸೆ ಹ್ಯೂಕ್ ಎಂಬ ಚಾಪ್ ಆಟಗಾರ ಕೊನೆಯ ಪಂದ್ಯದವರೆಗೆ ಬಂದಿದ್ದರು. ಪುರುಷರಲ್ಲಿ ಚಾಪ್ ಆಟದವರು ಆ ಎತ್ತರ ಮುಟ್ಟಿದ್ದನ್ನು ಆಮೇಲೆ ನಾವು ಕಂಡಿಲ್ಲ.

ಹಾಗೆಂದು ವೈವಿಧ್ಯ ಸತ್ತುಹೋಯಿತೆಂದು ಅಳುವವರ ಗುಂಪಿಗೆ ನಾವು ಸೇರಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪುರುಷರ ಚಿನ್ನ ಚೀನದ ಫಾನ್ ಝೆಂಡಾಂಗ್ ಅವರಿಗೆ ಹೋಯಿತು. ಅದು ಅಚ್ಚಿನ ಆಟದ ಅತ್ಯುತ್ತಮ ರೂಪ, ಒಪ್ಪಿದೆವು. ಆದರೆ ಬೆಳ್ಳಿ ಯಾರಿಗೆ? ಸ್ವೀಡನ್ನಿನ ಟ್ರುಲ್ಸ್ ಮೊರೆಗಾರ್ಡ್ ಅವರಿಗೆ. ಅವರ ಬ್ಯಾಟು ದುಂಡಗಿಲ್ಲ, ಆರು ಮೂಲೆಯದು. ವಿಶ್ವದ ಅಗ್ರ ಆಟಗಾರರಾಗಿದ್ದ ವಾಂಗ್ ಚುಚಿನ್ ಅವರನ್ನು ಅದೇ ಬ್ಯಾಟಿನಲ್ಲಿ ಮನೆಗೆ ಕಳಿಸಿದ್ದರು. ಕಂಚು ಫ್ರಾನ್ಸಿನ ಹದಿನೇಳರ ಹುಡುಗ ಫೆಲಿಕ್ಸ್ ಲೆಬ್ರನ್ ಅವರದು; ಯುರೋಪಿನವರಾಗಿ ಲೇಖನಿ ಹಿಡಿತ! ಅದೇ ಒಲಿಂಪಿಕ್ಸಿನಲ್ಲಿ ಲಕ್ಸೆಂಬರ್ಗಿನ ನಿ ಶಿಯಾಲಿಯಾನ್ ಅರುವತ್ತೊಂದನೆಯ ವಯಸ್ಸಿನಲ್ಲಿ ಆಡಿದರು. ಶಾಂಘಾಯಿಯಲ್ಲಿ ಹುಟ್ಟಿದ ಈ ತಾಯಿಯದು ಲೇಖನಿ ಹಿಡಿತ, ಜೊತೆಗೆ ಉದ್ದ ಗುಳ್ಳೆ. ನಮ್ಮಲ್ಲಿ ಆ ವಯಸ್ಸಿಗೆ ಪಿಂಚಣಿಯ ಕಾಗದ ಕೈಗೆ ಬಂದಿರುತ್ತದೆ. ಆಕೆ ಮೊಮ್ಮಕ್ಕಳ ಪ್ರಾಯದವರಿಗೆ ಗುಳ್ಳೆಯ ಪಾಠ ಹೇಳುತ್ತಿದ್ದರು.

ನಮ್ಮ ದೇಶದ ಮಾತಿಗೆ ಬಂದರೆ, ಗುಳ್ಳೆಯ ಧ್ವಜ ಹಿಡಿದವರು ಹೆಣ್ಣುಮಕ್ಕಳು. ಪುರುಷರಲ್ಲಿ ಹತ್ತು ಸಲ ರಾಷ್ಟ್ರೀಯ ಚಾಂಪಿಯನ್ನರಾಗಿ 2025ರಲ್ಲಿ ನಿವೃತ್ತರಾದ ಚೆನ್ನೈಯ ಶರತ್ ಕಮಲ್ ಅವರದು ಫೋರ್‌ಹ್ಯಾಂಡಿನ ಭಾರಿ ಟಾಪ್‌ಸ್ಪಿನ್ ಆಟ. ಅದೇ ಊರಿನ ಸತ್ಯನ್ ಅವರದು ಮೇಜಿಗೆ ಹತ್ತಿರ ನಿಂತು ಚುರುಕಾಗಿ ಆಡುವ ಆಟ. ಮಹಿಳೆಯರಲ್ಲಿ ಮಣಿಕಾ ಬಾತ್ರಾ ಅವರು ಬ್ಯಾಕ್‌ಹ್ಯಾಂಡಿಗೆ ಉದ್ದ ಗುಳ್ಳೆ ಹಾಕಿಕೊಂಡು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ, ಆಗ ವಿಶ್ವದ ನಾಲ್ಕನೆಯವರಾಗಿದ್ದ ಸಿಂಗಪುರದ ಫೆಂಗ್ ಟಿಯಾನ್‌ವೇ ಅವರನ್ನು ಒಂದಲ್ಲ, ಎರಡು ಸಲ ಸೋಲಿಸಿದರು. ತಂಡದ ಚಿನ್ನವನ್ನೂ ಸಿಂಗಲ್ಸಿನ ಚಿನ್ನವನ್ನೂ ತಂದರು. 2024ರ ಫೆಬ್ರವರಿಯಲ್ಲಿ ಕೊರಿಯದ ಬುಸಾನಿನಲ್ಲಿ ವಿಶ್ವ ತಂಡ ಪಂದ್ಯಗಳು ನಡೆದಾಗ, ಬ್ಯಾಕ್‌ಹ್ಯಾಂಡಿಗೆ ಇಂಥದೇ ವಿಚಿತ್ರ ರಬ್ಬರು ಹಾಕಿದ ಬಂಗಾಳದ ಐಹಿಕಾ ಮುಖರ್ಜಿ ವಿಶ್ವದ ಒಂದನೆಯ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದರು. ನಮ್ಮ ನೆರೆಯ ಹೈದರಾಬಾದಿನ ಹುಡುಗಿ ಶ್ರೀಜಾ ಆಕುಲ ಎರಡನೆಯ ವಾಂಗ್ ಯಿದಿ ಅವರನ್ನು ಒಂದು ಗೇಮೂ ಬಿಡದೆ ಸೋಲಿಸಿದರು. ಅಂದು ಭಾರತ ಕೊನೆಗೆ 3-2ರಿಂದ ಸೋತಿತು, ನಿಜ; ಆದರೆ ಚೀನದವರ ಮುಖದ ಮೇಲಿನ ಗಾಬರಿ ನೋಡುವಂತಿತ್ತು.

ಇಲ್ಲಿ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಗುಳ್ಳೆಯ ಅರ್ಧ ಬಲ ಎದುರಾಳಿಯ ಅಪರಿಚಯದಲ್ಲಿದೆ. ಬುಸಾನಿನ ಆಟವಾಗಿ ಆರು ತಿಂಗಳಿಗೆ ಪ್ಯಾರಿಸ್ಸಿನಲ್ಲಿ ಅದೇ ಸುನ್ ಯಿಂಗ್‌ಶಾ ಅವರೆದುರು ಶ್ರೀಜಾ ನಿಂತರು. ಮೊದಲೆರಡು ಗೇಮುಗಳನ್ನು 12-10, 12-10ರವರೆಗೆ ಎಳೆದರು. ಆದರೆ ನಾಲ್ಕರಲ್ಲಿ ಒಂದೂ ದಕ್ಕಲಿಲ್ಲ. ಇನ್ನು ಅದೇ ಒಲಿಂಪಿಕ್ಸಿನ ತಂಡದ ಆಯ್ಕೆಯಲ್ಲಿ ಐಹಿಕಾ ಕಾಯ್ದಿಟ್ಟ ಆಟಗಾರ್ತಿಯಾಗಿ ಉಳಿದು, ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ತಂಡಕ್ಕೆ ಬಂದಾಗ ದೊಡ್ಡ ಚರ್ಚೆಯೇ ನಡೆಯಿತು. ಒಂದನೆಯವರನ್ನು ಸೋಲಿಸಿದವರನ್ನು ಬಿಡುವುದುಂಟೆ ಎಂದು ಕೇಳಿದವರು ಅನೇಕರು. ಅರ್ಚನಾ ಅವರದು ಧೈರ್ಯದ ಹೊಡೆತದ ಆಟ. ಕ್ವಾರ್ಟರ್ ಫೈನಲ್ಲಿನಲ್ಲಿ ಜರ್ಮನಿಯೆದುರು ಭಾರತ 3-1ರಿಂದ ಸೋತಾಗ, ಆ ಒಂದನ್ನು ಗೆದ್ದುಕೊಟ್ಟವರು ಅವರೇ. ಬಳಿಕ ಆಟವನ್ನು ಬದಿಗಿಟ್ಟು ಓದಲು ಅಮೆರಿಕಕ್ಕೆ ಹೋದರು. ಕನ್ನಡಿಗರೆಂದು ನಾವು ಪಕ್ಷಪಾತ ಮಾಡುತ್ತಿಲ್ಲ. ಗುಳ್ಳೆಯವರು ಇಬ್ಬರು, ಹೊಡೆತದವರು ಒಬ್ಬರು ಇದ್ದ ಆ ತಂಡ ನಮ್ಮ ಮಹಿಳೆಯರು ಒಲಿಂಪಿಕ್ಸಿನಲ್ಲಿ ಎಂದೂ ಮುಟ್ಟದ ಮೆಟ್ಟಿಲನ್ನು ಮುಟ್ಟಿತು.

ಈಗ ಅರ್ಜಿ. ಕಳೆದ ರಾಜ್ಯೋತ್ಸವದ ಪಂದ್ಯಗಳಲ್ಲಿ ನಮ್ಮ ಸಂಘದ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ನೋಡಲು ಕಡ್ಡಿಯಂತಿರುವವಳು, ಹತ್ತನೆಯ ತರಗತಿಯ ಹುಡುಗರನ್ನು ಒಬ್ಬರಾದ ಮೇಲೊಬ್ಬರಂತೆ ಸೋಲಿಸಿ ಬಟ್ಟಲನ್ನು ಎತ್ತಿಕೊಂಡು ಹೋದದ್ದು ನಿಮಗೆ ನೆನಪಿರಬಹುದು. ಅವಳದು ಗುಳ್ಳೆ ಬ್ಯಾಟು. ಬರುವ ಪಂದ್ಯಗಳಲ್ಲಿ ‘ಇಂಥ ಮೋಸದ ಬ್ಯಾಟುಗಳಿಗೆ’ ಅವಕಾಶ ಕೊಡಬಾರದೆಂದು ಹನ್ನೊಂದು ಜನ ಸಹಿ ಹಾಕಿ ಕೊಟ್ಟಿದ್ದಾರೆ. ಸಹಿ ಹಾಕಿದವರು ನಮ್ಮ ಸ್ನೇಹಿತರೇ. ಒಬ್ಬರ ಮನೆಯಲ್ಲಿ ಹೋದ ವಾರ ಚಿತ್ರಾನ್ನ ತಿಂದು ಬಂದಿದ್ದೇವೆ. ಆದುದರಿಂದ ಈ ಸಾಲುಗಳನ್ನು ಬರೆಯುವುದು ಕಷ್ಟ. ಹುಡುಗಿಯ ತಾಯಿ ದೇವಸ್ಥಾನದ ಬಳಿ ಸಿಕ್ಕಾಗ ಕೇಳಿದರು: ‘ಅಣ್ಣಾ, ನಮ್ಮ ಹುಡುಗಿ ಓಡಲಾರಳು, ಚಿಕ್ಕಂದಿನಿಂದ ಉಬ್ಬಸ. ಜೋರಾಗಿ ಹೊಡೆಯುವ ಶಕ್ತಿಯೂ ಇಲ್ಲ. ನಿಂತಲ್ಲೇ ಆಡುವುದಕ್ಕೆ ಇದೊಂದು ದಾರಿ ಸಿಕ್ಕಿತು. ಇದನ್ನೂ ಬೇಡವೆಂದರೆ ಅವಳು ಏನು ಆಡಬೇಕು, ನೀವೇ ಹೇಳಿ.’

ನಮ್ಮ ಅಭಿಪ್ರಾಯ ಇದು. ಗುಳ್ಳೆ ಬ್ಯಾಟು ಕಾನೂನಿಗೆ ಹೊರಗಲ್ಲ. ಫೆಡರೇಶನ್ನಿನ ನಿಯಮದಲ್ಲಿ ಬ್ಯಾಟಿನ ಗಾತ್ರಕ್ಕೆ, ಆಕಾರಕ್ಕೆ, ತೂಕಕ್ಕೆ ಮಿತಿಯೇ ಇಲ್ಲ. ಹಲಗೆ ಚಪ್ಪಟೆಯಾಗಿ, ಬಗ್ಗದಂತಿರಬೇಕು, ರಬ್ಬರು ಒಪ್ಪಿಗೆಯ ಪಟ್ಟಿಯಲ್ಲಿರಬೇಕು, ಅಷ್ಟೆ. ಪಂದ್ಯಕ್ಕೆ ಮೊದಲು ಬ್ಯಾಟನ್ನು ಎದುರಾಳಿಯ ಕೈಗೆ ಕೊಟ್ಟು ತೋರಿಸಬೇಕು. ಆಮೇಲೆ ಅದೇ ಮೇಜಿನಲ್ಲಿ ಎರಡು ನಿಮಿಷ ಇಬ್ಬರೂ ಚೆಂಡಾಡಿ ನೋಡಬಹುದು. ನಮ್ಮ ಪಂದ್ಯಗಳಲ್ಲಿ ಇವೆರಡನ್ನೂ ಯಾರೂ ಪಾಲಿಸುತ್ತಿಲ್ಲ, ಪಾಲಿಸತಕ್ಕದ್ದು. ಅರ್ಜಿದಾರರ ಮಾತಿನಲ್ಲಿ ಒಂದು ಹುರುಳಿದೆ. ಹನ್ನೆರಡರ ಒಳಗಿನ ಮಕ್ಕಳಿಗೆ ಮೊದಲೇ ಗುಳ್ಳೆ ಕೊಟ್ಟರೆ ಬ್ಯಾಕ್‌ಹ್ಯಾಂಡ್ ಬಲಿಯುವುದಿಲ್ಲವೆಂಬ ಮಾತನ್ನು ನಾವು ತರಬೇತುದಾರರಿಂದಲೂ ಕೇಳಿದ್ದೇವೆ. ಅದು ಹೆತ್ತವರು ಯೋಚಿಸಬೇಕಾದ ವಿಷಯ; ಸಮಿತಿ ನಿಷೇಧಿಸುವ ವಿಷಯವಲ್ಲ. ಹತ್ತನೆಯ ತರಗತಿಯ ನಮ್ಮ ಹುಡುಗರು ಸೋತದ್ದು ಗುಳ್ಳೆಗಲ್ಲ. ಬಂದ ಚೆಂಡನ್ನು ನೋಡದೆ, ದಿನವೂ ಹೊಡೆಯುವ ಹೊಡೆತವನ್ನೇ ಹೊಡೆದುದಕ್ಕೆ. ಉಪಾಯವೂ ಸುಲಭ. ಗುಳ್ಳೆಯ ಕಡೆಗೆ ಸ್ಪಿನ್ನಿಲ್ಲದ ಚೆಂಡು ಕಳಿಸಿದರೆ ಅಲ್ಲಿಂದ ಸ್ಪಿನ್ನಿಲ್ಲದೆಯೇ ಬರುತ್ತದೆ, ಆಗ ಹೊಡೆಯಬಹುದು. ಆಟದ ನಡುವೆ ಕೆಂಪು ಬಂತೋ ಕಪ್ಪು ಬಂತೋ ಎಂದು ಕಣ್ಣಿಡಬೇಕು. ಇಷ್ಟು ಕಲಿತ ಹುಡುಗ ಮುಂದೆ ಯಾವ ಊರಿನಲ್ಲಿ ಎಂಥ ಬ್ಯಾಟು ಕಂಡರೂ ಹೆದರಲಾರ.

ಸಮಿತಿಯ ಸಭೆ ಮುಂದಿನ ತಿಂಗಳ ಎರಡನೆಯ ಭಾನುವಾರ. ಅದಕ್ಕೆ ಮೊದಲಿನ ಮೂರು ಭಾನುವಾರ ಸಂಜೆ ಐದರಿಂದ ಏಳರವರೆಗೆ ಸಂಘದ ಹಜಾರದಲ್ಲಿ ಗುಳ್ಳೆಯೆದುರು ಆಡುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಹುಡುಗಿ ತಾನೇ ಬಂದು ಎದುರು ನಿಲ್ಲಲು ಒಪ್ಪಿದ್ದಾಳೆ. ಕೇಳಿದವರ ಕೈಗೆ ತನ್ನ ಬ್ಯಾಟನ್ನೂ ಕೊಡುತ್ತಾಳಂತೆ, ಗುಳ್ಳೆಗಳನ್ನು ಉಗುರಿನಿಂದ ಕೀಳಬಾರದೆಂಬ ಒಂದೇ ಷರತ್ತು. ಕಿಟಕಿಗಳನ್ನು ಮುಚ್ಚಿರುತ್ತೇವೆ, ಕುಡಿಯುವ ನೀರನ್ನು ಅವರವರೇ ತರತಕ್ಕದ್ದು. ಇದುವರೆಗೆ ಹೆಸರು ಕೊಟ್ಟವರು ಐವರು. ಅವರಲ್ಲಿ ಮೂವರು ಅರ್ಜಿಗೆ ಸಹಿ ಹಾಕಿದವರ ಮನೆಯ ಮಕ್ಕಳೇ.